ಲಕ್ಷಣ ಎಣಿಸಬೇಡಿ, ದಿನ ಎಣಿಸಿ

ಮಾನ್ಯ ಸಂಪಾದಕರೇ,

ಎಚ್‌ಐವಿ ತಗುಲಿರಬಹುದೇ ಎಂಬ ಭಯ ಹೊಕ್ಕವರು ಮೊದಲು ಮಾಡುವ ಕೆಲಸ ಮೈ ತಡಕಿ ನೋಡುವುದು. ಕನ್ನಡಿ ಮುಂದೆ ಟಾರ್ಚ್ ಬಿಟ್ಟು ನಾಲಿಗೆ ನೋಡಿಕೊಳ್ಳುತ್ತಾರೆ. ದವಡೆ ಕೆಳಗೆ ಹೆಬ್ಬೆರಳು ಒತ್ತಿ ಗಂಟು ಹುಡುಕುತ್ತಾರೆ. ಒತ್ತಿ ಒತ್ತಿಯೇ ಆ ಜಾಗ ನೋಯತೊಡಗುತ್ತದೆ, ಆ ನೋವು ಮತ್ತೊಂದು ಲಕ್ಷಣವಾಗಿ ನಿದ್ದೆ ಕೆಡಿಸುತ್ತದೆ. ನಿದ್ದೆಗೆಟ್ಟರೆ ಬೆವರು, ಭೇದಿ, ಎದೆ ಡವಡವ. ಈ ಸಂಕಟವೇನೂ ಸುಳ್ಳಲ್ಲ. ಆದರೆ ಸೋಂಕು ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳಲಾರದು.

ಸೋಂಕು ತಗುಲಿದವರಲ್ಲಿ ಮೊದಲ ಜ್ವರ, ಗಂಟಲು ನೋವು, ಗಂಧೆ, ಗ್ರಂಥಿಗಳ ಊತ ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಬರುತ್ತವೆ, ತಾವಾಗಿಯೇ ಹೋಗುತ್ತವೆ. ಮಾರನೇ ದಿನವೇ ಗಂಟಲು ಕೆರೆದರೆ ಅದು ಎಚ್‌ಐವಿಯದಲ್ಲ. 3ನೇ ವಾರ ಬಂದ ಜ್ವರವೂ ಬೇರೆ ಯಾವುದೋ ವೈರಸ್ಸಿನದಿರಬಹುದು. ನಮಗೆ ಹೆಚ್ಚು ಆತಂಕವಿರುವುದು ಏನೂ ಲಕ್ಷಣವಿಲ್ಲದವರ ಬಗ್ಗೆ. ಸೋಂಕಿದ್ದೂ ಆರಾಮಾಗಿರುವವರು ಅನೇಕರಿರುತ್ತಾರೆ, 'ನನಗೇನೂ ಆಗಿಲ್ಲ' ಎಂದು ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ.

ಸೋಂಕು ತಗುಲಿರಬಹುದಾದ ಘಟನೆ ನಡೆದು 72 ಗಂಟೆ ದಾಟಿಲ್ಲದಿದ್ದರೆ ಬೇರೆಲ್ಲ ಚಿಂತೆ ಬದಿಗಿಟ್ಟು ಆಸ್ಪತ್ರೆಗೆ ಹೋಗಿ, ಪಿಇಪಿ ಬೇಕೇ ಎಂದು ಕೇಳಬೇಕು. ಸೋಂಕು ಬೇರೂರದಂತೆ ತಡೆಯುವ ಈ ಮಾತ್ರೆಗಳನ್ನು 28 ದಿನ, ಒಂದು ದಿನವೂ ತಪ್ಪದೆ ನುಂಗಬೇಕು. 72 ಗಂಟೆ ಎಂಬುದು ಕೊನೆಯ ಗಡುವು. 'ಇನ್ನೂ ಎರಡು ದಿನ ಇದೆಯಲ್ಲ' ಎಂದು ಕಾಯುವಂತಿಲ್ಲ, ತಡವಾದಷ್ಟೂ ಮಾತ್ರೆಯ ಬಲ ತಗ್ಗುತ್ತದೆ. ರಕ್ತ ಪರೀಕ್ಷೆಗೆ ಕೊಟ್ಟು, ವರದಿಗೆ ಕಾಯದೆ ಮೊದಲ ಮಾತ್ರೆ ತೆಗೆದುಕೊಳ್ಳಬಹುದು. ವಾಕರಿಕೆ, ತಲೆನೋವು ಬಂದರೆ ಅವು ಮಾತ್ರೆಯಿಂದಲೇ ಬಂದಿರಬಹುದು. ಸೋಂಕಿನ ಗುರುತೆಂದು ಹೆದರಿ ಅರ್ಧಕ್ಕೆ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

72 ಗಂಟೆ ದಾಟಿದ್ದರೆ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿ. ಪ್ರಯೋಗಾಲಯದಲ್ಲಿ ರಕ್ತನಾಳದ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ವೈರಸ್ಸಿನ ಪಿ24 ಪ್ರೋಟೀನನ್ನೂ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುತ್ತದೆ. 45 ದಿನ ಕಳೆದ ಮೇಲೆ ಅದು 'ನೆಗೆಟಿವ್' ಎಂದರೆ ಅನುಮಾನಕ್ಕೆ ಎಡೆಯಿಲ್ಲ. ಬೆರಳು ಚುಚ್ಚಿ ಮಾಡುವ ಪ್ರತಿಕಾಯ ಪರೀಕ್ಷೆಗಾದರೆ 90 ದಿನ ಬೇಕು. ಐದನೇ ದಿನಕ್ಕೇ ಪರೀಕ್ಷೆ ಮಾಡಿಸಿ ನಿಟ್ಟುಸಿರು ಬಿಡುವವರಿದ್ದಾರೆ. ಆ ವರದಿ ಹೇಳುವುದು ಘಟನೆಗೆ ಮೊದಲಿನ ಸ್ಥಿತಿಯನ್ನಷ್ಟೆ. ಪಿಇಪಿ ತೆಗೆದುಕೊಂಡವರು 12 ವಾರಕ್ಕೆ ಮತ್ತೊಮ್ಮೆ ಮಾಡಿಸಲೇಬೇಕು.

ಮುತ್ತು, ಸೊಳ್ಳೆ ಕಡಿತ, ಶೌಚಾಲಯ, ಒಂದೇ ತಟ್ಟೆಯ ಊಟ, ಇವುಗಳಿಂದ ಎಚ್‌ಐವಿ ಬಂದೀತೆಂದು ಹೆದರುವವರಿಗೆ ಪರೀಕ್ಷೆಯೇ ಬೇಕಿಲ್ಲ. ಸಂಗಾತಿ ಚಿಕಿತ್ಸೆಯಲ್ಲಿದ್ದು, ವೈರಸ್ ಪ್ರಮಾಣ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೆಯೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ.

ಕೊನೆಯ ಪರೀಕ್ಷೆ ಮುಗಿಯುವವರೆಗೆ ಕಾಂಡೋಮ್ ತಪ್ಪಿಸಬಾರದು. ಹೇಗೂ ಪರೀಕ್ಷೆ ಮಾಡುತ್ತಾರಲ್ಲ ಎಂದುಕೊಂಡು ರಕ್ತದಾನಕ್ಕೆ ಹೋಗುವುದಂತೂ ಕೂಡದು. ಸೋಂಕಿನ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದ ವೈರಸ್ ರಕ್ತ ಪಡೆದವರ ಮೈ ಸೇರುವ ಅಪಾಯವಿದೆ.

ಆರೋಗ್ಯ ಪುಟಗಳಲ್ಲಿ 'ಎಚ್‌ಐವಿಯ ಹತ್ತು ಲಕ್ಷಣಗಳು' ಎಂಬ ಪಟ್ಟಿ ಬರುವ ಜಾಗದಲ್ಲಿ 72 ಗಂಟೆ, 45 ದಿನ, 90 ದಿನ ಎಂಬ ಮೂರು ಅಂಕಿಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕೆಂದು ವಿನಂತಿ.

– ಆಪ್ತ ಸಮಾಲೋಚಕರು