ಜಿಂಕಿಗೆ ಎಂಥಾ ಗುಂಡು? ಟೆಕ್ಸಾಸಿನ ಗೆಳೆಯನಿಗೊಂದು ಪತ್ರ

ಬೆಳಗಾವಿ

ಗೆಳೆಯಾ,

ಲೈಸೆನ್ಸ್ ಬಂತು, .308 ರೈಫಲ್ ಕೈಗೆ ಬಂತು, ಇನ್ನ ಗುಂಡು ಯಾವುದು ತೊಗೊಳ್ಳಲಿ ಅಂತ ಕೇಳೀದಿ. ನಮ್ಮ ಕಡೆ ಈ ಪ್ರಶ್ನೆ ಏಳೂದೇ ಇಲ್ಲ. 1972ರ ಕಾಯ್ದೆ ಬಂದಾಗಿಂದ ಚಿಗರಿ ಮ್ಯಾಲೆ ಬಂದೂಕು ಎತ್ತೂದು ದೊಡ್ಡ ಅಪರಾಧ; ಬೀಳಗಿ ಕಡೆ ಯಡಹಳ್ಳಿಯೊಳಗ ಚಿಂಕಾರಕ್ಕಂತನ ಒಂದು ಧಾಮ ಐತಿ. ನಿಮ್ಮಲ್ಲಿ ಬಿಳಿಬಾಲದ ಜಿಂಕಿ ಹೊಡಿಯಾಕ ಕಾಯ್ದೆದಾಗ ಅವಕಾಶ ಐತಿ, ಖರೆ. ಆದ್ರ ಹೊಡಿಯೂದಾದ್ರ ಅದು ನರಳದಂಗ ಒಂದ ಗುಂಡಿಗೆ ಬೀಳಬೇಕು. ಅದಕ್ಕ ಇಷ್ಟು ಬಿಡಿಸಿ ಬರ್ಯಾಕತ್ತೀನಿ.

ಡಬ್ಬಿ ಮ್ಯಾಲೆ ಗ್ರೇನ್ ಅಂತ ಬರದಿರ್ತಾರಲ್ಲ, ಅದು ಮದ್ದಿನ ತೂಕ ಅಲ್ಲ, ಗುಂಡಿಂದು. ನಮ್ಮ ಅಕ್ಕಸಾಲಿಗರ ಹಳೇ ತೊಲಾ ಅಂದ್ರ ಸರಿಯಾಗಿ 180 ಗ್ರೇನ್. ಅಂದ್ರ 180ರ ಗುಂಡು ಒಂದು ತೊಲಾ ತೂಗತೈತಿ, 150ರದು 9.7 ಗ್ರಾಂ. ನಿಮ್ಮ ಜಿಂಕಿಗೆ 150 ಸಾಕು, 165 ಆದ್ರೂ ನಡೀತೈತಿ. 180 ಎಲ್ಕಿನಂಥಾ ದೊಡ್ಡ ಪ್ರಾಣಿಗೆ ಇರಲಿ.

ಆದ್ರ ತೂಕಕ್ಕಿಂತ ಗುಂಡಿನ ಕಟ್ಟೋಣ ನೋಡೂದು ಮುಖ್ಯ. ಸಾಫ್ಟ್ ಪಾಯಿಂಟ್ ಗುಂಡನ್ನ ಉದ್ದಕ ಸೀಳಿ ನೋಡಿದ್ರ ಒಳಗ ಸೀಸ, ಹೊರಗ ತಾಮ್ರದ ಹೊದಿಕಿ. ಹೊದಿಕಿ ಬುಡದಾಗ ದಪ್ಪ, ಮೂತಿ ಕಡೆ ಬರ್ತಾ ಬರ್ತಾ ತೆಳ್ಳಗ, ತುದಿಯೊಳಗ ಸೀಸ ಬರಿಮೈ. ಮಾಂಸಕ್ಕ ಬಡದ ಕೂಡ್ಲೇ ಆ ತುದಿ ಹಿಂದಕ್ಕ ಮಡಚಿ ಅಣಬಿ ಹಂಗ ಅರಳತೈತಿ. ಅರಳಿದ್ರ ಗಾಯ ಅಗಲ, ಸಾವು ಲಗೂನ.

ಅರಳೂದು ವೇಗದ ಮ್ಯಾಲೆ ನಿಂತೈತಿ. 150ರ ಗುಂಡು ನಳಿಗಿ ಬಿಡೂವಾಗ ಸೆಕೆಂಡಿಗೆ ಸುಮಾರು 2,800 ಅಡಿ, 200 ಗಜಕ್ಕ 2,300ರ ಆಸುಪಾಸು. ಸುಮಾರು 1,800ಕ್ಕಿಂತ ಕೆಳಗ ಬಂದ್ರ ಭಾಳಷ್ಟು ಸಾಫ್ಟ್ ಪಾಯಿಂಟ್ ಸರಿಯಾಗಿ ಅರಳೂದಿಲ್ಲ. ಇದರ ಉಲ್ಟಾನೂ ಆಗತೈತಿ: ತೆಳು ಹೊದಿಕಿಯ, ಪ್ಲಾಸ್ಟಿಕ್ ತುದಿಯ ಗುಂಡು 50 ಗಜದಾಗ ಭುಜದ ಎಲುಬಿಗೆ ಬಡದ್ರ ಅಲ್ಲೇ ಒಡದು ಚೂರಾಗಿ, ಒಳಗ ಮುಟ್ಟೂದೇ ಇಲ್ಲ. ಜಿಂಕಿ ಮುರುದ ಭುಜ ಎಳಕೊಂಡು ಓಡತೈತಿ. ಅದಕ್ಕ ಅಂಗಡಿಗೆ ಹೋಗೂ ಮೊದಲು ನೀ ಕುಂಡ್ರೂ ಮಚಾನಿನಿಂದ ಜಿಂಕಿ ಬರೂ ಜಾಗಾ ಎಷ್ಟು ಗಜ ಐತಿ ಅಂತ ಅಳಿ.

ಹತ್ತರದ ಏಟಿಗೆ ಬಾಂಡೆಡ್ ಗುಂಡು ಚಲೋ. ಅದರಾಗ ಸೀಸಾನ ಹೊದಿಕಿಗೆ ಬೆಸದಿರ್ತಾರ. ಇಲ್ಲಾ ನಾಸ್ಲರ್ ಪಾರ್ಟಿಷನ್. 1946ರಾಗ ಜಾನ್ ನಾಸ್ಲರ್ ಹೊಡದ ಗುಂಡು ಮೂಸ್ ಅನ್ನೂ ದೈತ್ಯ ಜಿಂಕಿಯ ಮೈಯಾಗ ಆಳಕ್ಕ ಇಳಿಲಿಲ್ಲ, ಅದರಿಂದ ಹುಟ್ಟಿದ್ದಿದು. ನಡುವ ತಾಮ್ರದ ಒಂದು ಅಡ್ಡಗ್ವಾಡಿ, ಮುಂದಿನ ಅರ್ಧ ಅರಳತೈತಿ, ಹಿಂದಿನ ಅರ್ಧ ಒಳಗ ನುಗ್ಗತೈತಿ.

ಮನ್ಯಾಗ ಸಣ್ಣ ಮಕ್ಕಳು ಆ ಮಾಂಸ ತಿನ್ನೂದಿದ್ರ ಪೂರ್ತಿ ತಾಮ್ರದ್ದ ತೊಗೊ. ಸೀಸದ ಗುಂಡು ಕಣ್ಣಿಗೆ ಕಾಣದ ಚೂರು ಬಿಡತೈತಿ, ಗಾಯದ ಸುತ್ತ ಒಂದು ಗೇಣು ಕತ್ತರಿಸಿ ಒಗದ್ರೂ ಒಂದೆರಡು ಉಳೀಬಹುದು. ಕ್ಯಾಲಿಫೋರ್ನಿಯಾದಾಗ 2019ರ ಜುಲೈ 1ರಿಂದ ಬ್ಯಾಟಿಗೆ ಸೀಸದ ಗುಂಡು ಬಂದ್. ತಾಮ್ರ ಸೀಸಕ್ಕಿಂತ ಹಗುರ, ಅಷ್ಟ ತೂಕಕ್ಕ ಗುಂಡು ಉದ್ದ ಆಗತೈತಿ. ಹಂಗಾಗಿ 130 ಗ್ರೇನ್ ಸಾಕು. ಆದ್ರ ಅರಳಾಕ ಇದಕ್ಕ ವೇಗ ಜಾಸ್ತಿ ಬೇಕು, ದೂರದ ಏಟಿಗೆ ಬ್ಯಾಡ.

ನಿನ್ನ .308ಕ್ಕ ಹೊಂದೂ ಅಳತಿಯ ಫೌಜಿನ 7.62 ತೋಟಾ ಅಗ್ಗ ಸಿಗತೈತಿ, ಅದು ನಡೀತೈತೇನು ಅಂತ ಕೇಳೀದಿ. ಬ್ಯಾಡಪಾ, ಕೈ ಮುಗೀತೀನಿ. ಅರಳೂ ಗುಂಡನ್ನ ಕಲ್ಕತ್ತಾ ಹತ್ತರ ದಂ ದಂ ಕಾರ್ಖಾನ್ಯಾಗ ಮಾಡಿದ್ರು. 1899ರಾಗ ಹೇಗ್ ಘೋಷಣೆ ಯುದ್ಧದಾಗ ಅಂಥಾವು ಬ್ಯಾಡ ಅಂತು. ಹಿಂಗಾಗಿ ಫೌಜಿನ ಗುಂಡು ಮೂತಿ ಮುಚ್ಚಿದ್ದು, ಅರಳೂದಿಲ್ಲ. ಜಿಂಕಿ ಮೈಯಾಗ ಪೆನ್ಸಿಲ್ ತೂತು ಮಾಡಿ ಪಾರಾಗತೈತಿ, ಜಿಂಕಿ ಎಲ್ಲೋ ಪೊದಿಯೊಳಗ ತಾಸುಗಟ್ಟಲೆ ಒದ್ದಾಡತೈತಿ. ಗುರಿ ಸ್ಪರ್ಧೆಗೆ ಮಾಡೂ ಮ್ಯಾಚ್ ಗುಂಡಿನ ತುದ್ಯಾಗೂ ತೂತು ಇರತೈತಿ, ಅದು ಮಾಡೂ ರೀತಿಯಿಂದ ಉಳದಿದ್ದು, ಅರಳಲಿ ಅಂತ ಇಟ್ಟಿದ್ದಲ್ಲ. .22 ರಿಮ್‌ಫೈರ್ ಅನ್ನೂ ಸಣ್ಣ ತೋಟಾ ಅಂತೂ ಟೆಕ್ಸಾಸಿನಾಗ ಜಿಂಕಿಗೆ ನಿಷೇಧ. ಯಾರರೆ .30-30 ಲಿವರ್ ಬಂದೂಕು ಕೊಟ್ರ ಅದಕ್ಕ ಚೂಪು ಲೋಹದ ತುದಿ ಹಾಕಬ್ಯಾಡ. ನಳಿಗಿ ಕೆಳಗಿನ ಕೊಳವಿಯೊಳಗ ತೋಟಾ ಒಂದರ ಹಿಂದೊಂದು ಇರತಾವ; ಒಂದರ ತುದಿ ಮುಂದಿನ ತೋಟಾದ ಪ್ರೈಮರಿಗೆ, ಅಂದ್ರ ಮದ್ದಿಗೆ ಕಿಡಿ ಹಚ್ಚೂ ಬುಡದ ಭಾಗಕ್ಕ, ತಾಗಿ ಕುಂತಿರತೈತಿ, ಗುಂಡು ಹಾರಿದಾಗಿನ ಧಕ್ಕಿಗೆ ಅಲ್ಲೇ ಸಿಡೀಬಹುದು.

ಮೂರು ತರದ ಒಂದೊಂದು ಡಬ್ಬಿ ತೊಗೊಂಡು 100 ಗಜದಾಗ ಕಾಗದಕ್ಕ ಮೂರು ಮೂರು ಹೊಡಿ, ನಡುನಡುವ ನಳಿಗಿ ಆರಲಿ. ನಿನ್ನ ಬಂದೂಕು ಯಾವುದನ್ನ ಒಂದ ಕಡೆ ಗುಂಪಾಗಿ ಇಡತೈತೋ ಅದ ನಿಂದು, ರೇಟು ನೋಡಬ್ಯಾಡ. ಆಮ್ಯಾಲೆ 100 ಗಜದಾಗ ಗುಂಡು ಗುರಿಗಿಂತ ಎರಡು ಇಂಚು ಮ್ಯಾಲೆ ಬೀಳೂವಂಗ ಬಂದೂಕಿನ ದುರ್ಬೀನಾ ತಿರುವು, 200 ಗಜಕ್ಕ ಹೆಚ್ಚುಕಮ್ಮಿ ಸರಿ ಕುಂಡ್ರತೈತಿ. ಜಿಂಕಿ ಅಡ್ಡಕ ನಿಂತಾಗ ಮುಂಗಾಲಿನ ಸ್ವಲ್ಪ ಹಿಂದ, ಹೊಟ್ಟಿಯಿಂದ ಮೂರರಾಗ ಒಂದು ಪಾಲು ಮ್ಯಾಲೆ ಹಿಡಿ. ಹಿಂದ ಮಣ್ಣಿನ ದಿನ್ನಿ ಇಲ್ಲದಿದ್ರ ಹೊಡೀಬ್ಯಾಡ, ಗುಂಡು ಪಾರಾಗಿ ಹೋಗತೈತಿ.

ಒಪ್ಪಿದ ಗುಂಡಿನ ಅದ ಲಾಟ್ ನಂಬರಿನ, ಅಂದ್ರ ಕಾರ್ಖಾನ್ಯಾಗ ಒಂದ ಸಲಕ್ಕ ಮಾಡಿದ ಕಂತಿನ, ಡಬ್ಬಿ ಸೀಜನ್ನಿಗೆ ಆಗೂವಷ್ಟು ಒಮ್ಮೆಲೇ ತಂದಿಟ್ಟುಕೊ. ಲಾಟ್ ಬದಲಾದ್ರ ಮತ್ತ ಕಾಗದಕ್ಕ ಹೊಡದು ನೋಡು.

ನಿನ್ನ ದೋಸ್ತ