ಭಾನುವಾರದ ಆರಾಧನೆ: ಸಭೆಯವರ ಗಮನಕ್ಕೆ (2020ರ ಕೋವಿಡ್ ಕಾಲದ ಪ್ರಕಟಣೆ)

ಪ್ರಿಯ ಸಭೆಯವರೇ,

ಕೇಂದ್ರ ಆರೋಗ್ಯ ಸಚಿವಾಲಯವು 2020ರ ಜೂನ್ 4ರಂದು ಹೊರಡಿಸಿದ ಮಾರ್ಗಸೂಚಿಗೆ ಒಳಪಟ್ಟು, ನಮ್ಮ ಚರ್ಚಿನಲ್ಲಿ ಕೋವಿಡ್ ಸೋಂಕಿನಿಂದಾಗಿ ನಿಂತಿದ್ದ ಆರಾಧನೆಯನ್ನು ಪುನಃ ಆರಂಭಿಸಲು ಸಭಾಸಮಿತಿ ತೀರ್ಮಾನಿಸಿದೆ. 65 ವರ್ಷ ದಾಟಿದವರು, 10 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಹಾಗೂ ದೀರ್ಘಕಾಲದ ಕಾಯಿಲೆಯುಳ್ಳವರು ದಯವಿಟ್ಟು ಮನೆಯಲ್ಲೇ ಉಳಿದು ಫೋನಿನ ಮೂಲಕ ಭಾಗವಹಿಸಬೇಕು. ಹಿರಿಯರಿಗೆ ಇದು ನೋವಿನ ಮಾತೆಂದು ಬಲ್ಲೆವು, ಆದರೆ ಇದರಿಂದ ಯಾರ ವಿಶ್ವಾಸವೂ ಕುಂದುವುದಿಲ್ಲ.

ಹಾಡುವುದರ ಬಗ್ಗೆ ಹಲವರು ವಿಚಾರಿಸಿದ್ದೀರಿ. ಗಾಯನವೃಂದಕ್ಕೆ ಅವಕಾಶವಿಲ್ಲ, ಧ್ವನಿಮುದ್ರಿತ ಗೀತೆಗಳನ್ನು ಕೇಳಿಸಬಹುದು. ಇದು ಅತಿಯಾಯಿತೆನ್ನುವವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ನಡೆದುದನ್ನು ಗಮನಿಸಬೇಕು: 2020ರ ಮಾರ್ಚ್ 10ರಂದು ಅಲ್ಲಿನ ಚರ್ಚೊಂದರಲ್ಲಿ ಎರಡೂವರೆ ಗಂಟೆ ಹಾಡಿನ ಅಭ್ಯಾಸಕ್ಕೆ ಸೇರಿದ್ದ 61 ಮಂದಿಯ ಪೈಕಿ 53 ಮಂದಿಯಲ್ಲಿ ಕೋವಿಡ್ ಸೋಂಕು ದೃಢಪಟ್ಟಿತು ಇಲ್ಲವೆ ಅದರ ಲಕ್ಷಣಗಳು ಕಂಡುಬಂದವು, ಇಬ್ಬರು ತೀರಿಕೊಂಡರು. ಗಟ್ಟಿಯಾಗಿ ಹಾಡುವಾಗ ಬಾಯಿಂದ ಹೊರಬೀಳುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹುಕಾಲ ತೇಲುವುದರಿಂದ, ಕಿಟಕಿಗಳನ್ನು ಪೂರ್ಣ ತೆರೆದಿಡಲಾಗುವುದು.

ಮಾಸ್ಕ್ ಕಡ್ಡಾಯ. ಆರು ಅಡಿ ಅಂತರಕ್ಕಾಗಿ ಬೆಂಚುಗಳಲ್ಲಿ ಗುರುತು ಹಾಕಿದೆ. ಸತ್ಯವೇದವನ್ನು (ಬೈಬಲನ್ನು) ಮನೆಯಿಂದಲೇ ತನ್ನಿರಿ. ಕಾಣಿಕೆ ಚೀಲವನ್ನು ಸಾಲಿನಲ್ಲಿ ದಾಟಿಸುವುದಿಲ್ಲ, ಬಾಗಿಲ ಬಳಿ ಪೆಟ್ಟಿಗೆ ಇರುತ್ತದೆ. ಕೈಕುಲುಕುವ ಬದಲು ಕೈಮುಗಿದರೆ ಸಾಕು. ನಮ್ಮ ಅಜ್ಜಂದಿರು ಹಾಗೆಯೇ ಮಾಡುತ್ತಿದ್ದರು. ಎಲ್ಲರೂ ಒಂದೇ ಪಾನಪಾತ್ರೆಯಿಂದ ಕುಡಿಯುವುದು ಸುರಕ್ಷಿತವಲ್ಲವಾದ್ದರಿಂದ ಕರ್ತನ ಭೋಜನವನ್ನು (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯನ್ನು) ಸದ್ಯಕ್ಕೆ ಮುಂದೂಡಲಾಗಿದೆ. ಭಾನುವಾರದ ಶಾಲೆ ಫೋನಿನಲ್ಲೇ ಮುಂದುವರಿಯುವುದು.

2020ರ ಕೋವಿಡ್ ನಿಯಮದಂತೆ ಮದುವೆಗೆ 50, ಅಂತ್ಯಕ್ರಿಯೆಗೆ 20 ಜನರ ಮಿತಿ ಇರುವುದರಿಂದ, ಆಯಾ ಕುಟುಂಬದವರು ಬರುವವರ ಪಟ್ಟಿಯನ್ನು ಮುಂಚಿತವಾಗಿ ಸಭಾಪಾಲಕರಿಗೆ ಕಳುಹಿಸಬೇಕು.

— ಸಭಾಸಮಿತಿಯ ಪರವಾಗಿ, ಕಾರ್ಯದರ್ಶಿ