ಮೇಷ್ಟ್ರ ಗಡ್ಡದ ವಿಷಯ

ಪ್ರೀತಿಯ ಸೀನ,

ಫೋನ್ ಮಾಡಿದರೆ ನೀನು ನನ್ನನ್ನು ಮಾತಾಡಲು ಬಿಡಲ್ಲ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಎತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಊರೆಲ್ಲ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಉಳಿದವರು ಮಧ್ಯೆ ಬಕೆಟ್ ವಿಷಯ ಬಂದರೆ ಹಾರಿಸಿಕೊಂಡು ಓದಿ. ಅದು ನಮ್ಮಿಬ್ಬರ ಜೊತೆಗೇ ಮಣ್ಣಾಗಬೇಕಾದ ಸಂಗತಿ.

ಮೊದಲು ಮುಖ್ಯ ಸುದ್ದಿ. ಮೇಷ್ಟ್ರು ಬೋಳಾದರು.

ಮೊನ್ನೆ ಫೋಟೋ ಹಾಕಿದಾಗ ನೀನು "ಅಯ್ಯೋ, ಕುರಿ ಥರ ಇದ್ದೋರನ್ನ ಇಲಿ ಮಾಡಿಟ್ಟಿದ್ದೀಯಲ್ಲೋ" ಅಂದೆ. ನಾನು "ಮಳೆಗಾಲ ಅಲ್ವಾ, ಅದಕ್ಕೇ ಬೋಳಿಸಿದ್ವಿ" ಅಂತ ದೊಡ್ಡ ಮನುಷ್ಯನ ಥರ ಉತ್ತರ ಕೊಟ್ಟೆ. ಎಂಬತ್ತು ಜನ ಅದಕ್ಕೆ ಮೆಚ್ಚುಗೆ ಒತ್ತಿದರು. ಅದು ಸುಳ್ಳು ಮಾರಾಯ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೇಷ್ಟ್ರು ಅಂದರೆ ನಮ್ಮ ನಾಯಿ. ಮೂರು ವರ್ಷ. ಅಪ್ಪ ಶ್ನೌಜರ್, ಅಮ್ಮ ಪೂಡಲ್, ಮಗ ಶ್ನೂಡಲ್. ಸೀನನ ಬಾಯಲ್ಲಿ ನೂಡಲ್ಸ್. ಎರಡೂ ಜರ್ಮನ್ ಭಾಷೆಯಿಂದ ಬಂದ ಹೆಸರೇ. ಅಲ್ಲಿ ಶ್ನೌಜೆ ಅಂದರೆ ಮೂತಿ. ಪೂಡಲ್ ಅನ್ನೋದು ನೀರು ಎರಚಾಡುವ ಮಾತಿನಿಂದ ಹುಟ್ಟಿದ ಹೆಸರು, ಹೊಡೆದ ಬಾತುಕೋಳಿಯನ್ನು ನೀರಿಗಿಳಿದು ತರಲಿ ಅಂತ ಸಾಕುತ್ತಿದ್ದ ನಾಯಿ ಅದು. ನಮ್ಮವರಿಗೆ ಅಪ್ಪನಿಂದ ಗಡ್ಡ ಮತ್ತು ಹುಬ್ಬು, ಅಮ್ಮನಿಂದ ಮೈತುಂಬ ಗುಂಗುರು. ಕೂತು ದಿಟ್ಟಿಸಿದರೆ ಸಾಕು, ಮಗ್ಗಿ ಒಪ್ಪಿಸೋಣ ಅನಿಸುತ್ತೆ. ಹೆಸರು ಬಂದಿದ್ದು ಹಾಗೆ.

ಈ ಜಾತಿಯ ನಾಯಿಗೆ ಕೂದಲು ಉದುರಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸೋಫಾ ಮೇಲೆ ಬೀಳಲ್ಲ ಅನ್ನೋದು ನಿಜ. ಆದರೆ ಸತ್ತ ಕೂದಲು ಹೋಗೋದಾದರೂ ಎಲ್ಲಿಗೆ? ಪಕ್ಕದ ಗುಂಗುರಿಗೆ ಸುತ್ತಿಕೊಂಡು ಒಳಗೇ ಕೂತಿರುತ್ತೆ. ದಿನಾ ಬಾಚಿ ತೆಗೆದರೆ ಸರಿ, ಇಲ್ಲದಿದ್ದರೆ ಗಂಟು. ಗಂಟಿನ ಮೇಲೆ ನಮ್ಮ ಚಿಕ್ಕಮಗಳೂರಿನ ಮಳೆ ಬಿದ್ದು, ಒದ್ದೆ ಮೈಯಲ್ಲೇ ಅದು ಚಾಪೆ ಮೇಲೆ ಹೊರಳಾಡಿದರೆ, ಕೂದಲು ಹೋಗಿ ಕಂಬಳಿ ಆಗುತ್ತೆ. ಮಜಾ ಏನು ಗೊತ್ತಾ, ಮೇಲಿಂದ ನೋಡಿದರೆ ಏನೂ ಕಾಣಲ್ಲ. ಮೇಲಿನ ಅರ್ಧ ಇಂಚು ಮೋಡದ ಹಾಗೆ ಇರುತ್ತೆ. ಬುಡದಲ್ಲಿ ಕಂಬಳಿ. ಕಾಫಿ ಪುಡಿ ಮಾರಿ ಬದುಕೋನು ನಾನು, ಕಣದಲ್ಲಿ ಹರವಿದ ಬೀಜ ಮೇಲೆ ಒಣಗಿದೆ ಅಂತ ಚೀಲಕ್ಕೆ ತುಂಬಿದರೆ ಒಳಗೆ ಬೂಷ್ಟು ಬರುತ್ತೆ ಅಂತ ಎಳೇ ಹುಡುಗರಿಗೆ ಪಾಠ ಹೇಳೋನು, ನನಗೇ ಇದು ಹೊಳೆಯಬೇಡವಾ.

ಹೊಳೆದಿತ್ತು. ಅದನ್ನೇ ಹೇಳಲು ಹೊರಟಿದ್ದು.

ಮನೆಗೇ ಬಂದು ನಾಯಿ ಕೂದಲು ಕತ್ತರಿಸುವ ಹುಡುಗನೊಬ್ಬ ಇದ್ದಾನೆ. ಸ್ಕೂಟರಿನಲ್ಲಿ ಬರುತ್ತಾನೆ, ಬೆನ್ನ ಚೀಲದಲ್ಲಿ ಟ್ರಿಮ್ಮರ್. ಮೇಷ್ಟ್ರನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿದ. ಮೊದಲು ಬ್ರಷ್ ತೆಗೆಯಲಿಲ್ಲ. ಎರಡೂ ಕೈಯ ಬೆರಳನ್ನು ಬೆನ್ನಿನ ಕೂದಲೊಳಗೆ ತೂರಿಸಿದ. ಬೆರಳು ಒಳಗೆ ಹೋಗಲೇ ಇಲ್ಲ. ಕಿವಿ ಹಿಂದೆ ಮುಟ್ಟಿದ, ಕಂಕುಳಿಗೆ ಕೈ ಹಾಕಿದ, ಕೊರಳಪಟ್ಟಿ ಬಿಚ್ಚಿ ನೋಡಿದ.

"ಬಾಚಿ ಎಷ್ಟು ದಿನ ಆಯ್ತು ಸರ್?"

"ಮೊನ್ನೆ ತಾನೇ."

ಅವನು ನನ್ನ ಮುಖ ನೋಡಲಿಲ್ಲ. ಟ್ರಿಮ್ಮರಿನ ಬ್ಲೇಡ್ ಬದಲಾಯಿಸಿದ, ಅಷ್ಟೇ. 10ನೇ ನಂಬರ್. 1.5 ಮಿಲಿಮೀಟರ್ ಕೂದಲು ಮಾತ್ರ ಉಳಿಸುವ ಬ್ಲೇಡ್ ಅದು. ನಂಬರ್ ಜಾಸ್ತಿ ಆದಷ್ಟೂ ಕೂದಲು ಕಡಿಮೆ. ಸುಮ್ನೆ ನಿಲ್ಲಲಾರದೆ "ಗಂಟಿಗೆ ಕತ್ತರಿ ತರಲಾ" ಅಂದೆ. "ಬೇಡ ಸರ್, ಗಂಟಿನ ಜೊತೆ ಚರ್ಮಾನೂ ಎದ್ದು ಬಂದಿರುತ್ತೆ, ಕತ್ತರಿಗೆ ಅದೆಲ್ಲ ಗೊತ್ತಾಗಲ್ಲ" ಅಂದ. "ಸ್ನಾನ ಮಾಡಿಸಿ ಬಿಡಿಸಿದ್ರೆ?" "ನೀರು ಬಿದ್ರೆ ಇನ್ನೂ ಬಿಗಿಯುತ್ತೆ."

ಎರಡು ನಿಮಿಷಕ್ಕೊಮ್ಮೆ ಟ್ರಿಮ್ಮರ್ ನಿಲ್ಲಿಸಿ ಬ್ಲೇಡನ್ನು ತನ್ನ ಮಣಿಕಟ್ಟಿಗೆ ಒತ್ತಿ ನೋಡುತ್ತಿದ್ದ. ಬಿಸಿ ಆದರೆ ನಾಯಿಗೆ ಸುಡುತ್ತೆ ಅಂತ. ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಮಣಿಕಟ್ಟಿನ ಒಳಬದಿಯಲ್ಲಿ ಕೆಂಪು ಗೀರುಗಳಿದ್ದವು. ನಾನು ನೋಡುತ್ತಾ ನಿಂತಿದ್ದೆ.

ಬೆನ್ನಿಂದ ಹೊಟ್ಟೆಯವರೆಗೆ ಒಂದೇ ತುಂಡಾಗಿ ಕಳಚಿ ಬಂತು ಕಣೋ. ಮಳೆಗೆ ತೋಟದವರು ಹಾಕಿಕೊಳ್ಳುವ ಕಂಬಳಿಕೊಪ್ಪೆಯನ್ನು ಮಗುವಿನ ಅಳತೆಗೆ ಮಾಡಿದ ಹಾಗೆ. ಆಮೇಲೆ ಅದನ್ನು ಅಂಗಡಿಗೆ ತಗೊಂಡು ಹೋಗಿ ತಕ್ಕಡಿಯಲ್ಲಿಟ್ಟೆ. ಯಾಕೆ ಅಂತ ಕೇಳಬೇಡ. 340 ಗ್ರಾಂ. ಒಳಗೆ ಉತ್ತರಾಣಿ ಬೀಜ, ಸಿಲ್ವರ್ ಓಕಿನ ಎಲೆಯ ಚೂರು, ಹರಳು ಬೀಜದಷ್ಟು ಊದಿದ ಎರಡು ಉಣ್ಣಿ. ಉಣ್ಣಿಯಿಂದ ನಾಯಿಗೆ ಜ್ವರ ಬಂದು ರಕ್ತ ಕಡಿಮೆಯಾಗಿ ಸತ್ತೇ ಹೋಗಬಹುದು ಅಂತ ಈ ಕಡೆ ನಾಯಿ ಸಾಕಿದವರಿಗೆಲ್ಲ ಗೊತ್ತು. ಕಂಕುಳಲ್ಲಿ ಅಂಗೈ ಅಗಲ ಚರ್ಮ ಕೆಂಪಾಗಿ ಒಸರುತ್ತಿತ್ತು. ಆ ಗಂಟು ಪ್ರತಿ ಹೆಜ್ಜೆಗೂ ಎಳೆಯುತ್ತಿತ್ತು ಅಂತ ಹುಡುಗ ಹೇಳಿದ. ಬೈಯಲಿಲ್ಲ. ಬಸ್ಸಿನ ಟೈಮ್ ಹೇಳಿದ ಹಾಗೆ ಹೇಳಿದ.

ನಿನಗೆ ಆಗಸ್ಟ್ 15ರ ಫೋಟೋ ನೆನಪಿದೆಯಾ? ಕೊರಳಿಗೆ ಮೂರು ಬಣ್ಣದ ರಿಬ್ಬನ್ ಕಟ್ಟಿ ಹಾಕಿದ್ದೆನಲ್ಲ. "ಮೇಷ್ಟ್ರು ಧ್ವಜ ಹಾರಿಸಲು ರೆಡಿ" ಅಂತ ನೀನೇ ಬರೆದಿದ್ದೆ. ಆ ರಿಬ್ಬನ್ ಕೆಳಗೂ ಗಂಟಿತ್ತು. ಮುಖ ಮಾತ್ರ ಲಕಲಕ. ಯಾಕೆಂದರೆ ನೀರು ಕುಡಿದು ಬಂದು ಗಡ್ಡವನ್ನು ನನ್ನ ಪಂಚೆಗೇ ಒರೆಸುತ್ತಿದ್ದರು, ಅದಕ್ಕೆ ಗಡ್ಡವೊಂದನ್ನು ನಾನು ತಪ್ಪದೆ ತೊಳೆದು ಬಾಚುತ್ತಿದ್ದೆ. ಕ್ಯಾಮೆರಾಗೆ ಬೀಳುವಷ್ಟು ಜಾಗ.

ಈಗ ವಿಷಯಕ್ಕೆ ಬರುತ್ತೇನೆ. ಬಕೆಟ್ ದಿನದ ಮೇಲೆ ಆಣೆ, ನಗಬೇಡ.

ಸುಧಾಗೆ ಜೂನ್‌ನಲ್ಲಿ ಪ್ರಮೋಷನ್ ಜೊತೆ ಮೈಸೂರಿಗೆ ವರ್ಗ ಆಯ್ತಲ್ಲ. "ಹೋಗು, ಇಂಥ ಅವಕಾಶ ಮತ್ತೆ ಬರಲ್ಲ" ಅಂತ ಮೊದಲು ಹೇಳಿದ್ದೇ ನಾನು. ಬೇಕರಿಯಿಂದ ಕೇಕ್ ತಂದು ಕತ್ತರಿಸಿ, ಅದರ ಫೋಟೋನೂ ಹಾಕಿದ್ದೆ. ಶುಕ್ರವಾರ ರಾತ್ರಿ ಬರುತ್ತಾಳೆ, ಭಾನುವಾರ ಸಂಜೆ ಹೋಗುತ್ತಾಳೆ. ಮೇಷ್ಟ್ರ ಬಾಚಣಿಗೆ ಕೆಲಸ ಯಾವತ್ತೂ ಅವಳದ್ದು. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು, ಕೂದಲನ್ನು ಗೆರೆ ಗೆರೆಯಾಗಿ ಬಗೆದು, ಚರ್ಮ ಕಾಣುವಷ್ಟು ಬಿಡಿಸಿ, ಬುಡದಿಂದ ಬಾಚುತ್ತಿದ್ದಳು. ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು. "ವಾರಕ್ಕೊಂದ್ಸಲ ನಾನು ಬಂದು ಮಾಡಿದರೆ ಆಗಲ್ಲ ರೀ. ದಿನಾ ಐದು ನಿಮಿಷ ನೀವು ಬಾಚಿ." ಆಯ್ತು ಅಂದೆ. ಬ್ರಷ್ಷನ್ನು ಬಚ್ಚಲುಮನೆ ಪಕ್ಕದ ಮೊಳೆಗೆ ನೇತುಹಾಕಿ ಹೋದಳು.

ಜುಲೈನಲ್ಲಿ ಮೂರು ವಾರ ಅವಳಿಗೆ ಬರಲು ಆಗಲಿಲ್ಲ. ಒಂದ್ಸಲ ಆಡಿಟ್ಟು, ಒಂದ್ಸಲ ಮಳೆ, ಒಂದ್ಸಲ ಇನ್ನೇನೋ. ಬಂದಾಗಲೂ ಸುಸ್ತಾಗಿ ಮಲಗುತ್ತಿದ್ದಳು, ಸಿಕ್ಕಷ್ಟು ಬಾಚಿ ಹೋಗುತ್ತಿದ್ದಳು. ಆಗಸ್ಟಿನಲ್ಲೂ ಅದೇ ಕಥೆ. ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಆ ಬ್ರಷ್ ನೋಡುತ್ತಿದ್ದೆ. ಮರೆತಿದ್ದೆ ಅಂತ ಹೇಳಿದರೆ ಎಷ್ಟು ಚೆನ್ನಾಗಿರುತ್ತಿತ್ತು. ಮರೆತಿರಲಿಲ್ಲ. ಸಮಯ ಇರಲಿಲ್ಲ ಅನ್ನೋಣ ಅಂದರೆ ಆ ಮಳೆಯಲ್ಲಿ ಅಂಗಡಿಗೆ ದಿನಕ್ಕೆ ಹತ್ತು ಗಿರಾಕಿ ಬಂದರೆ ಹೆಚ್ಚು. ಒಂದು ದಿನ ಕೈಗೆ ತಗೊಂಡಿದ್ದೆ ಕೂಡ. ಕಂಕುಳ ಹತ್ತಿರ ಎಳೆದಾಗ ಅವನು ಕುಂಯ್ ಅಂದು ನನ್ನ ಕೈಯನ್ನು ಬಾಯಲ್ಲಿ ಹಿಡಿದುಕೊಂಡ. ಕಚ್ಚಲಿಲ್ಲ, ಹಿಡಿದುಕೊಂಡ ಅಷ್ಟೇ. ನಾನು ಬ್ರಷ್ಷನ್ನು ಮತ್ತೆ ಮೊಳೆಗೆ ಹಾಕಿದೆ. ಆಗ ಮನಸ್ಸಿನಲ್ಲಿ ಬಂದ ಮಾತು ನನಗೆ ಅಕ್ಷರಶಃ ನೆನಪಿದೆ. ಇರಲಿ, ಅವಳು ಬಂದು ನೋಡಲಿ.

ನೋಡಲಿ ಅಂದರೆ ಏನೋ? ತಾನು ಹೋದ ಮೇಲೆ ಮನೆ ಏನಾಗಿದೆ ಅಂತ ನೋಡಲಿ. ಬಾಯಿಬಿಟ್ಟು ಹೇಳಲು ನನಗೆ ಮರ್ಯಾದೆ ಅಡ್ಡ ಬಂತು, ಕೇಕ್ ಬೇರೆ ಕತ್ತರಿಸಿದ್ದೆ. ಅದಕ್ಕೇ ನಾಯಿಯ ಮೈಮೇಲೆ ಬರೆದಿಟ್ಟೆ. ಗಂಟು ಬೆಳೆಯುತ್ತಿರೋದು ಗೊತ್ತಿದ್ದೂ ಆರೇಳು ವಾರ ಬಿಟ್ಟೆ. ವಿಡಿಯೋ ಕಾಲ್‌ನಲ್ಲಿ ಅವಳು "ಅವನನ್ನ ತೋರಿಸಿ" ಅಂದರೆ ಗಡ್ಡ ತೋರಿಸುತ್ತಿದ್ದೆ. ಈಗ ಯೋಚನೆ ಮಾಡಿದರೆ ಇದೂ ವಿಚಿತ್ರವೇ, ಅವಳು ನೋಡಲಿ ಅಂತ ಬಿಟ್ಟವನು ಅವಳಿಗೆ ಕಾಣದ ಹಾಗೆ ಯಾಕೆ ಮುಚ್ಚಿಡುತ್ತಿದ್ದೆ? ಕೊನೆಗೆ ಅವನು ಮೆಟ್ಟಿಲು ಹತ್ತಲು ಹಿಂಜರಿಯೋದು ನೋಡಿ ಹೆದರಿಕೆ ಆಯ್ತು. ಅವಳು ಬರುವ ಮುಂಚೆ ಹುಡುಗನನ್ನು ಕರೆಸಿದೆ.

ಅವಳು ಬಂದಳು. ಮೇಷ್ಟ್ರು ಬೋಳು ಮೈಯಲ್ಲಿ ಗೇಟಿನವರೆಗೆ ಕುಣಿದುಕೊಂಡು ಹೋದರು. ಮಳೆಗಾಲ ಅಂತ ಬೋಳಿಸಿದೆ ಅಂದೆ. "ಹೌದಾ" ಅಂದಳು. ಕಂಕುಳಿನ ಮುಲಾಮು ನೋಡಿದಳು, ಏನೂ ಕೇಳಲಿಲ್ಲ. ಆಮೇಲೆ ಕೈಕಾಲು ತೊಳೆಯಲು ಹೋದವಳು ಮೊಳೆಯಿಂದ ಬ್ರಷ್ ತೆಗೆದು ದೀಪದ ಕೆಳಗೆ ಹಿಡಿದಳು. ತಂತಿ ಹಲ್ಲುಗಳ ಮಧ್ಯೆ ಒಂದು ಕೂದಲೂ ಇರಲಿಲ್ಲ. ಹಿಡಿಯಿಂದ ಮೊಳೆವರೆಗೆ ಜೇಡ ಬಲೆ ಕಟ್ಟಿತ್ತು. ಅದನ್ನು ಬೆರಳಿಗೆ ಸುತ್ತಿ ತೆಗೆದು, ಲೋಟ ತೊಳೆದಿಟ್ಟ ಹಾಗೆ ಬ್ರಷ್ಷನ್ನು ಅಲ್ಲೇ ನೇತುಹಾಕಿದಳು. ತನ್ನ ಹಳೇ ಸ್ವೆಟರಿನ ತೋಳು ಕತ್ತರಿಸಿ, ಮುಂಗಾಲಿಗೆ ಎರಡು ತೂತು ಮಾಡಿ ಅವನಿಗೆ ತೊಡಿಸಿದಳು. "ಚಳಿ ಆಗಲ್ವಾ" ಅಂದಳು. ಭಾನುವಾರ ಬಸ್ ಹತ್ತುವವರೆಗೂ ಈ ವಿಷಯ ಎತ್ತಲಿಲ್ಲ.

ಇಷ್ಟು ಬರೆಯಬೇಕು ಅಂತ ಇರಲಿಲ್ಲ ಸೀನ. ನಾಯಿ ಕೂದಲಿನ ಬಗ್ಗೆ ನಾಲ್ಕು ತಮಾಷೆ ಬರೆದು ಮುಗಿಸೋಣ ಅಂತ ಕೂತಿದ್ದೆ. ಇದನ್ನು ಅವಳೂ ಓದುತ್ತಾಳೆ ಅನ್ನೋದು ಈಗ ನೆನಪಾಯ್ತು. ಅಥವಾ ಮೊದಲ ಸಾಲಿನಿಂದಲೇ ನೆನಪಿತ್ತೋ ಏನೋ, ನೀನು ಜಾಸ್ತಿ ಕೆದಕಬೇಡ.

ಈಗಿನ ವರದಿ ಕೇಳು. ಕಿವಿಯ ಗಂಟು ತೆಗೆದ ಮೇಲೆ ಜೋರಾಗಿ ತಲೆ ಕೊಡವಿದರೆ ಕಿವಿಯೊಳಗೆ ರಕ್ತ ಕಟ್ಟಿ ಊದಿಕೊಳ್ಳುತ್ತೆ ಅಂತ ಹುಡುಗ ಹೆದರಿಸಿದ್ದ. ಎರಡು ದಿನ ತಲೆಗೆ ಹತ್ತಿ ಬಟ್ಟೆ ಕಟ್ಟಿದ್ದೆ, ಥೇಟ್ ಸಂತೆಗೆ ಹೊರಟ ಅಜ್ಜಿ. ಆ ಫೋಟೋ ಇದೆ, ಹಾಕಲ್ಲ, ಮೇಷ್ಟ್ರಿಗೂ ಮಾನ ಇದೆ. ಕಂಕುಳು ಒಣಗಿದೆ. ಕೂದಲು ಅಕ್ಕಿ ಕಾಳಿನಷ್ಟು ಬಂದಿದೆ. ಬಾಚಲು ಏನೂ ಇಲ್ಲ, ಆದರೂ ದಿನಾ ರಾತ್ರಿ ಬಾಚುತ್ತೇನೆ. ಮೊದಲು ಮೆತ್ತಗೆ ಬ್ರಷ್, ಆಮೇಲೆ ಸ್ಟೀಲ್ ಬಾಚಣಿಗೆ. ಬಾಚಣಿಗೆ ಎಲ್ಲೂ ತಡೆಯದೆ ಬುಡದಿಂದ ತುದಿಗೆ ಬಂದರೆ ಪಾಸು. ರತ್ನಗಿರಿ ಬೋರೆಗೆ ವಾಕಿಂಗ್ ಹೋಗಿ ಬಂದ ಮೇಲೆ ಬೆರಳ ಸಂದಿಯಲ್ಲೂ ಉಣ್ಣಿ ಹುಡುಕುತ್ತೇನೆ. ನನ್ನ ಶಾಂಪೂ ಮುಟ್ಟಿಸಲ್ಲ, ನಮ್ಮದು ಅವರ ಚರ್ಮಕ್ಕೆ ಆಗಲ್ಲವಂತೆ. ಆರರಿಂದ ಎಂಟು ವಾರಕ್ಕೊಮ್ಮೆ ಹುಡುಗ ಬರುತ್ತಾನೆ. ಮುಂದಿನ ಸಲ ಇಷ್ಟು ಸಣ್ಣ ಬ್ಲೇಡ್ ಬೇಡ ಅಂದಿದ್ದಾನೆ. ನೀನೂ ಬಂದಿರು, ನಿನ್ನ ತಲೆಗೆ ಬ್ಲೇಡೇ ಬೇಕಿಲ್ಲ, ಒದ್ದೆ ಬಟ್ಟೆ ಸಾಕು.

ಅಂದ ಹಾಗೆ, ಅವಳ ಬಸ್ಸು ಶುಕ್ರವಾರ ನಿಮ್ಮ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಲ್ಲುತ್ತೆ. ಏನೂ ಕೊಡಬೇಡ, ಏನೂ ಹೇಳಬೇಡ, ಆ ಕಡೆ ಸುಳಿಯಲೇಬೇಡ. ಬಕೆಟ್ ವಿಷಯದಲ್ಲಿ ನೀನು ಮಧ್ಯಸ್ಥಿಕೆ ಮಾಡಿದ್ದು ಸಾಕು.

ಮೇಷ್ಟ್ರು ಈಗಷ್ಟೇ ನೀರು ಕುಡಿದು ಬಂದು ನನ್ನ ಮಂಡಿ ಮೇಲೆ ಗಡ್ಡ ಇಟ್ಟಿದ್ದಾರೆ. ಪಂಚೆ ಪೂರ್ತಿ ಒದ್ದೆ. ಟವೆಲ್ ಎಲ್ಲಿದೆ ನೋಡಬೇಕು.

ನಿನ್ನ,
ಪೀಬೆರಿ